ಬ್ರ್ನೋ ಊರಿನಲ್ಲಿ ಅಯಸ್ಕಾಂತಕ್ಕೆ ಸಿಕ್ಕ ಸೆರಗು

ದೇವನಹಳ್ಳಿ

ರೇಷ್ಮೆ ಸೀರೆ ಉಟ್ಟುಕೊಂಡು ಅಷ್ಟು ದೂರದ ವಿಮಾನ ಹತ್ತಬೇಡ ಎಂದು ನನಗೆ ಎಲ್ಲರೂ ಹೇಳಿದ್ದರು. ಕಾಲೇಜಿನ ಸಹೋದ್ಯೋಗಿಗಳು ಹೇಳಿದರು, ವೀಸಾ ಮಾಡಿಸಿಕೊಟ್ಟ ಏಜೆಂಟ್ ಹೇಳಿದ, ಕೊನೆಗೆ ಶಿಡ್ಲಘಟ್ಟದಿಂದ ವಿಮಾನ ನಿಲ್ದಾಣಕ್ಕೆ ಕರೆತಂದ ಕಾರಿನ ಡ್ರೈವರೂ ಕನ್ನಡಿಯಲ್ಲಿ ನೋಡಿ, "ಮೇಡಂ, ಮದ್ವೆಗಾ?" ಎಂದ. ಆದರೆ ಸೀರೆ ಕೊಟ್ಟವಳು ನಮ್ಮ ಅತ್ತಿಗೆ ನಾಗರತ್ನ. "ಇದನ್ನೇ ಉಟ್ಕಂಡು ಹೋಗು. ಇಳಿಯೋಗಂಟ ಬಿಚ್ಬ್ಯಾಡ. ಅಲ್ಲಿ ದೊಡ್ಡೋರ ಮುಂದೆ ನಿಂತ್ಕಣೋ ದಿನಾನೂ ಇದನ್ನೇ ಉಡು," ಎಂದು ಕನಕಾಂಬರ ಬಣ್ಣದ ಸೀರೆಯನ್ನು ಕೈಗಿಟ್ಟಿದ್ದಳು. ಫಾಲ್ಸ್ ಅವಳೇ ಹಾಕಿದ್ದಳು, ಸೆರಗಿನ ಕುಚ್ಚೂ ಅವಳೇ ಕಟ್ಟಿದ್ದಳು. ಅಣ್ಣನ ಹೆಂಡತಿಯಾದ್ದರಿಂದ ಅತ್ತಿಗೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದ್ದರಿಂದ ಏಕವಚನ. ಹಾಗಂತ ಅವಳ ಮಾತು ಮೀರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಭದ್ರತಾ ತಪಾಸಣೆಯ ಚೌಕಟ್ಟು ದಾಟಿದೆ. ಕೀಂ ಎಂದಿತು. ಬಳೆ ತೆಗೆದೆ, ಮತ್ತೆ ಕೀಂ. ಕಾಲುಂಗುರ ತೆಗೆದೆ. ಭುಜದ ಪಿನ್ನು, ಸೊಂಟದ ಪಿನ್ನು, ನೆರಿಗೆಯ ಪಿನ್ನು ಒಂದೊಂದಾಗಿ ತಟ್ಟೆಗೆ ಬಿದ್ದವು. ಸೀರೆ ಎಂಬುದು ಇಷ್ಟೊಂದು ಕಬ್ಬಿಣದ ಆಧಾರದಲ್ಲಿ ನಿಂತಿದೆ ಎಂದು ನನಗೂ ಅವತ್ತೇ ತಿಳಿದದ್ದು. ಪೊಲೀಸ್ ಹುಡುಗಿ ಕೈಯಲ್ಲಿನ ಕೋಲನ್ನು ಮೈಮೇಲೆಲ್ಲ ಆಡಿಸಿದಳು. ಎಡಗಡೆ ಸೆರಗಿನ ಹತ್ತಿರ ಅದು ಮತ್ತೆ ಗುರ್ರೆಂದಿತು. "ಇನ್ನೊಂದ್ ಪಿನ್ ಇರ್ಬೇಕು ಬಿಡಿ ಆಂಟಿ," ಎಂದು ಸುಸ್ತಾಗಿ ಕಳಿಸಿಕೊಟ್ಟಳು. ದುಬೈನಲ್ಲೂ ಇದೇ ಕತೆ. ಅಲ್ಲಿನ ಹೆಂಗಸು ಕುಚ್ಚನ್ನು ಬೆರಳಲ್ಲಿ ಮುಟ್ಟಿ ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ಬಿಟ್ಟಳು.

ಹೋಗುತ್ತಿದ್ದುದು ಏಕೆಂದು ಹೇಳಿಬಿಡುತ್ತೇನೆ. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ರೇಷ್ಮೆಗೂಡನ್ನು ಕುದಿಸಿ, ಅಂಟು ಕಳೆದು, ಉಳಿದ ಎಳೆಯನ್ನು ಕರಗಿಸಿ ತೆಳ್ಳನೆಯ ಪೊರೆ ಮಾಡುವುದು ನನ್ನ ಸಂಶೋಧನೆ. ಚೆಕ್ ದೇಶದ ಬ್ರ್ನೋ ಎಂಬ ಊರಿನ ಪ್ರಯೋಗಶಾಲೆಯೊಂದರಲ್ಲಿ, ಔಷಧ ತುಂಬಿದ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಕ್ಯಾಪ್ಸೂಲುಗಳಿಗೆ ಇಂಥ ರೇಷ್ಮೆಯ ಪೊರೆಯನ್ನೇ ಹೊದಿಸುತ್ತಿದ್ದರು. ಪೊರೆಯೊಳಗೆ ಕಬ್ಬಿಣದ ನವಿರಾದ ಪುಡಿ ಸೇರಿಸಿರುತ್ತಾರೆ. ಮೈಯ ಹೊರಗೆ ಅಯಸ್ಕಾಂತ ಹಿಡಿದರೆ, ರಕ್ತದಲ್ಲಿ ತೇಲಿಹೋಗುವ ಕ್ಯಾಪ್ಸೂಲು ರೋಗವಿರುವ ಜಾಗದಲ್ಲೇ ನಿಂತು ಔಷಧ ಬಿಡಬೇಕು ಎಂಬುದು ಆಸೆ. ನಿಜಕ್ಕೂ ನಿಲ್ಲುತ್ತದೆಯೋ ಇಲ್ಲವೋ ನೋಡುವುದು ಕೆಲಸ. ಕೆಲವು ವಾರ ಬಂದಿರಿ, ಬರುವಾಗ ನಿಮ್ಮೂರಿನ ಗೂಡು ತನ್ನಿ ಎಂದು ಕರೆದಿದ್ದರು.

ಅತ್ತಿಗೆಗೆ ಎದೆಯ ಗಡ್ಡೆಯ ಆಪರೇಷನ್ ಆಗಿತ್ತು. ಆಮೇಲೆ ಬೆಂಗಳೂರಿಗೆ ಹೋಗಿ ಡ್ರಿಪ್ಪಿನಲ್ಲಿ ಔಷಧ ಹಾಕಿಸಿಕೊಳ್ಳಬೇಕು. ಅರ್ಧ ಮುಗಿದಿತ್ತು, ಅರ್ಧ ಉಳಿದಿತ್ತು. ಕೂದಲು ಉದುರಿತು, ನಾಲಿಗೆಗೆ ರುಚಿ ಹೋಯಿತು, ಬೆರಳ ತುದಿ ಜೋಮು ಹಿಡಿಯಿತು. ಅಷ್ಟರಲ್ಲಿ ನನ್ನ ಪ್ರಯಾಣದ ಸುದ್ದಿ. ಅವಳು ಮೊಬೈಲಿನಲ್ಲಿ ಅಯಸ್ಕಾಂತದ ಔಷಧದ ಬಗ್ಗೆ ಯಾವುದೋ ವಿಡಿಯೊ ಹುಡುಕಿ ನೋಡಿ ತೀರ್ಮಾನಕ್ಕೆ ಬಂದಿದ್ದಳು.

"ಸುಜಾತಾ, ಆ ಮ್ಯಾಗ್ನೆಟ್ ಔಷ್ದಿ ನಂಗಾಗ್ತದಾ ಕೇಳ್ಕಂಡ್ ಬಾ. ಅದು ಸೀದಾ ಜಾಗಕ್ಕೇ ಹೋಗ್ತದಂತಲ್ಲ. ಈ ಡ್ರಿಪ್ಪು ಎಲ್ಲೆಲ್ಲೋ ನುಗ್ತದೆ. ನೀನ್ ಬಂದು ಹೇಳೋಗಂಟ ನಾನ್ ಆಸ್ಪತ್ರೆ ಮೆಟ್ಲು ಹತ್ತಲ್ಲ."

ತಡ ಮಾಡಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅಣ್ಣ ಹೇಳಿ ಸೋತಿದ್ದ. ನಾನೂ ಜಗಳವಾಡಿ ಸೋತೆ. ಹೀಗೆ ಪೆಟ್ಟಿಗೆಯಲ್ಲಿ ಗೂಡು, ಮೈಮೇಲೆ ರೇಷ್ಮೆ, ತಲೆಯೊಳಗೆ ಒಂದು ಪ್ರಶ್ನೆ ಇಟ್ಟುಕೊಂಡು ಹೊರಟೆ.

ವಿಯೆನ್ನಾ

ಬ್ರ್ನೋಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಪಕ್ಕದ ದೇಶದ ವಿಯೆನ್ನಾದಲ್ಲಿದೆ. ಅಲ್ಲಿ ಕಸ್ಟಮ್ಸಿನವನು ನನ್ನ ಪೆಟ್ಟಿಗೆ ತೆರೆಸಿ, ಗೂಡಿನ ಚೀಲವನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನಮ್ಮೂರಿನ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್‌ಗಳು ಅಲ್ಲಾಡಿಸುವ ಹಾಗೇ ಅಲ್ಲಾಡಿಸಿದ್ದರಿಂದ ನನಗೆ ತಡೆಯಲಾಗದೆ ನಗು ಬಂತು.

"ಒಳಗೆ ಏನಿದೆ?" ಎಂದ.

"ಏನೂ ಇಲ್ಲ. ಹುಳು ಹೋಗಿದೆ, ಇದು ಅದರ ಮನೆ," ಎಂದೆ.

ಕಾಗದಪತ್ರ ನೋಡಿದ. ಒಂದು ಗೂಡನ್ನು ಎತ್ತಿ, ಕತ್ತರಿಸಿದ ಬಾಯಿಯೊಳಗೆ ಇಣುಕಿದ. ಆಮೇಲೆ ನನ್ನ ಸೀರೆ ನೋಡಿದ, ಗೂಡು ನೋಡಿದ, ಮತ್ತೆ ಸೀರೆ ನೋಡಿದ. ಎರಡಕ್ಕೂ ಇರುವ ಸಂಬಂಧ ಅವನಿಗೆ ಅಲ್ಲೇ ಹೊಳೆಯಿತು ಅಂತ ಕಾಣುತ್ತದೆ, ಮುಖ ಅರಳಿತು. ಪೆಟ್ಟಿಗೆಯನ್ನು ನನಗಿಂತ ಅಚ್ಚುಕಟ್ಟಾಗಿ ಮುಚ್ಚಿಕೊಟ್ಟ.

ಅಲ್ಲಿಂದ ಬಸ್ಸು. ಬಸ್ಸಿನಲ್ಲಿ ಹಾಡಿಲ್ಲ, ಹಾರ್ನ್ ಇಲ್ಲ, ಮಾತಿಲ್ಲ. ಕಡಲೆಕಾಯಿ ತಿನ್ನುವವರೂ ಇಲ್ಲ. ಹೊರಗೆ ದ್ರಾಕ್ಷಿ ತೋಟಗಳು ಬಂದವು, ನಂದಿಯ ಕಡೆಯವೇ ಏನೋ ಎನ್ನುವಂತೆ. ಆದರೆ ನಮ್ಮಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುತ್ತಾರೆ, ಇಲ್ಲಿ ಬೇಲಿಯ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. ಅಣ್ಣನಿಗೆ ಹೇಳಬೇಕು ಅಂದುಕೊಂಡು ಅಲ್ಲೇ ನಿದ್ದೆಹೋದೆ.

ವೇರಾಳ ಮನೆ

ಬ್ರ್ನೋದಲ್ಲಿ ನಾನು ಉಳಿದುಕೊಂಡದ್ದು ವೇರಾ ಎಂಬ ಅಜ್ಜಿಯ ಮನೆಯಲ್ಲಿ. ಟ್ರಾಮ್ ಓಡಿಸಿ ನಿವೃತ್ತಿಯಾದವಳು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಚೆಕ್ ಬಾರದು. ನಡುವೆ ಅವಳ ಫೋನು ಅನುವಾದ ಮಾಡುತ್ತಿತ್ತು. ಅವಳು ಅರ್ಧ ನಿಮಿಷ ಮಾತಾಡಿದರೆ ಫೋನು ಎರಡು ಪದ ಹೇಳಿ ಸುಮ್ಮನಾಗುತ್ತಿತ್ತು.

ಬಾಗಿಲಲ್ಲೇ ನನ್ನ ಚಪ್ಪಲಿ ತೋರಿಸಿ ಬೆರಳಾಡಿಸಿದಳು. ನಾನು ಆಗಲೇ ಬಿಟ್ಟಾಗಿತ್ತು. ಯೂರೋಪಿನವರು ಬೂಟು ಹಾಕಿಕೊಂಡೇ ಮಂಚ ಹತ್ತುತ್ತಾರೆ ಎಂದು ನಂಬಿದ್ದ ನನಗೆ ಬಲು ಸಂತೋಷವಾಯಿತು. ಬಂದವರಿಗೆ ಹಾಕಿಕೊಳ್ಳಲು ಬುಟ್ಟಿ ತುಂಬ ಮನೆಚಪ್ಪಲಿ ಇಟ್ಟಿದ್ದಳು. ಬಾಗಿಲ ಮೇಲೆ ಒಂದು ಹಳೆಯ ಕುದುರೆ ಲಾಳ ಹೊಡೆದಿತ್ತು. ನಂಬುತ್ತೀಯಾ ಎಂದು ಫೋನಿನ ಮೂಲಕ ಕೇಳಿದೆ. "ಇಲ್ಲ," ಎಂದಿತು ಫೋನು. ವೇರಾ ಇನ್ನೂ ಏನೋ ಸೇರಿಸಿದಳು. ಫೋನು ಯೋಚಿಸಿ ಹೇಳಿತು, "ತೆಗೆಯುವುದೂ ಇಲ್ಲ."

ನಮ್ಮ ಮನೆಯಲ್ಲಿ ಇಂಥದಕ್ಕೆಲ್ಲ ಅವಕಾಶವೇ ಇರಲಿಲ್ಲ. ಅಪ್ಪ ಬೌದ್ಧ ಧರ್ಮ ಸ್ವೀಕರಿಸಿದ ದಿನ ತಾಯತ, ಯಂತ್ರ, ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಎಲ್ಲವೂ ಬೀದಿ ಕಂಡವು. ಗೋಡೆಯ ಮೇಲೆ ಬುದ್ಧನ ಪಟ ಒಂದೇ ಉಳಿಯಿತು. ಅತ್ತಿಗೆ ಬಂದದ್ದು ಮುರುಗಮಲ್ಲದ ಕಡೆಯಿಂದ. ಅಲ್ಲಿ ಯಾರಿಗೆ ಏನಾದರೂ ದರ್ಗಾದ ಕಡೆ ಒಂದು ಹೆಜ್ಜೆ ಹಾಕಿಬಿಡುವುದು ರೂಢಿ. ಮೊದಲ ಬಾಣಂತನದಲ್ಲಿ ದಿಂಬಿನ ಕೆಳಗೆ ಅವಳ ತಾಯಿ ಒಂದು ಲಾಳದ ಮೊಳೆ ಇಟ್ಟಿದ್ದರು. ಕಬ್ಬಿಣ ಹತ್ತಿರವಿದ್ದರೆ ಗಾಳಿ, ದೃಷ್ಟಿ ಸುಳಿಯುವುದಿಲ್ಲವಂತೆ. ಅಪ್ಪ ನೋಡಿ, "ಒಗಿಯಮ್ಮ ಆಚೆಗೆ," ಎಂದಿದ್ದ. "ಒಗ್ದೆ ಮಾವ," ಎಂದಿದ್ದಳು ಅತ್ತಿಗೆ. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಊಟಕ್ಕೆ ವೇರಾ ಹಿಟ್ಟಿನ ದೊಡ್ಡ ಉಂಡೆಯೊಂದನ್ನು ಬೇಯಿಸಿದಳು. ಉದ್ದಕ್ಕಿದ್ದರೂ ಜಾತಿಯಲ್ಲಿ ಮುದ್ದೆಯೇ. ಅದನ್ನು ಚಾಕುವಿನಲ್ಲಿ ಕೊಯ್ಯಲಿಲ್ಲ. ಹೊಲಿಗೆಯ ದಾರವೊಂದನ್ನು ಕೆಳಗೆ ತೂರಿಸಿ, ಎರಡೂ ತುದಿ ಮೇಲೆ ಅಡ್ಡಹಾಯಿಸಿ ಎಳೆದಳು. ಬಿಲ್ಲೆ ಬಿಲ್ಲೆಯಾಗಿ ಬಿತ್ತು. ಚಾಕು ತಾಗಿದರೆ ಅದು ಮುನಿಸಿಕೊಂಡು ಚಪ್ಪಟೆಯಾಗುತ್ತದಂತೆ. ನಾನು ಅಭ್ಯಾಸಬಲದಿಂದ ಮೊದಲ ತುತ್ತನ್ನು ಅಗಿಯದೆ ನುಂಗಿದೆ. ವೇರಾ ಗಾಬರಿಯಾಗಿ ನನ್ನ ಬೆನ್ನಿಗೆ ಗುದ್ದಿದಳು.

ಗಾಜಿನ ಕೊಳವೆ

ಪ್ರಯೋಗಶಾಲೆಯ ಮುಖ್ಯಸ್ಥೆ ಯಾನಾ. ಉದ್ದನೆಯ ಹೆಂಗಸು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವವಳು. ಅದನ್ನು ಇಡೀ ದಿನ ಮೇಜಿನ ಮೇಲೆ ಹುಡುಕುವವಳು. ಇಲ್ಲಿ ಲಿಫ್ಟಿಗೆ ಹತ್ತಿದವರೆಲ್ಲ ಅಪರಿಚಿತರಿಗೂ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇನೆ ಅನ್ನುತ್ತಾರೆ, ನಡುವೆ ಒಂದಕ್ಷರ ಮಾತಾಡುವುದಿಲ್ಲ. ನಮ್ಮಲ್ಲಿ ನಮಸ್ಕಾರ ಹೇಳದಿದ್ದರೂ ಎರಡನೇ ಮಹಡಿ ಬರುವುದರೊಳಗೆ ಯಾವೂರು, ಎಷ್ಟು ಮಕ್ಕಳು ಎಂದು ತಿಳಿದುಬಿಟ್ಟಿರುತ್ತದೆ.

ಯಾನಾ ಮೊದಲ ದಿನ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅದರ ಕೆಳಗೆ ಕೂದಲಿನಷ್ಟು ಸಣ್ಣ ಗಾಜಿನ ಕೊಳವೆ. ಅದರೊಳಗೆ ನಿಂತ ನೀರು, ನೀರಿನಲ್ಲಿ ಕ್ಯಾಪ್ಸೂಲುಗಳು. ಪಕ್ಕದಲ್ಲಿ ಮುಷ್ಟಿ ಗಾತ್ರದ ಅಯಸ್ಕಾಂತ. ಅದನ್ನು ಹತ್ತಿರ ಸರಿಸಿದಳು. ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ಕಂದು ಚುಕ್ಕೆಗಳೆಲ್ಲ ಒಂದಕ್ಕೊಂದು ಅಂಟಿ, ಸಾಲುಗಟ್ಟಿ, ಒಂದೇ ಗೋಡೆಗೆ ಓಡಿದವು. ಒಂದೂ ಹಿಂದೆ ಉಳಿಯಲಿಲ್ಲ. ಫೋನ್ ತೆಗೆದು ವಿಡಿಯೊ ಮಾಡಿದೆ. ಅತ್ತಿಗೆಗೆ ಕಳಿಸೋಣವೆಂದು ಬೆರಳಿಟ್ಟಿದ್ದೆ.

"ಈಗ ರಕ್ತ ಹರಿಸೋಣ," ಎಂದು ಯಾನಾ ಪಂಪ್ ಹಾಕಿದಳು.

ಕಸಾಯಿಖಾನೆಯಿಂದ ತಂದ ಹಂದಿಯ ರಕ್ತ. ಅದು ಕೊಳವೆಯಲ್ಲಿ ನುಗ್ಗಿದ ಮೇಲೆ ನೋಡಿ, ಕ್ಯಾಪ್ಸೂಲುಗಳಿಗೆ ಅಯಸ್ಕಾಂತದ ನೆನಪೇ ಇಲ್ಲ. ಬಂದವು, ಹೋದವು. ಅಂಚಿನಲ್ಲಿ ಹೋಗುತ್ತಿದ್ದ ಕೆಲವು ಮಾತ್ರ ತಡವರಿಸಿ, ಉರುಳಿ, ಗೋಡೆಗೆ ಅಂಟಿಕೊಂಡವು. ನಡುವಿನವು ಅತ್ತ ತಿರುಗಿಯೂ ನೋಡಲಿಲ್ಲ. ನಾನು ಫೋನನ್ನು ಚೀಲಕ್ಕೆ ಹಾಕಿದೆ.

ಯಾನಾ ವಿವರಿಸಿದಳು. ರಕ್ತದ ಕೆಂಪು ಕಣಗಳು ಮೆತ್ತಗಿರುತ್ತವೆ, ನಾಳದ ಮಧ್ಯದಲ್ಲಿ ಗುಂಪುಗೂಡಿ ಹರಿಯುತ್ತವೆ. ಗಡುಸಾದ ಕ್ಯಾಪ್ಸೂಲನ್ನು ಅವು ತಳ್ಳಿ ತಳ್ಳಿ ಅಂಚಿಗೆ ಹಾಕುತ್ತವೆ. ಅಂಚಿನಲ್ಲಿ ಹರಿವು ನಿಧಾನ, ಅಲ್ಲಿ ಸಿಕ್ಕಿದವನ್ನು ಅಯಸ್ಕಾಂತ ಹಿಡಿಯಬಲ್ಲದು. ಮಧ್ಯದಲ್ಲಿ ಹೋಗುವವು ಕೈಗೆ ಸಿಗುವುದಿಲ್ಲ. ಅದೂ ಅಯಸ್ಕಾಂತ ಹತ್ತಿರವಿದ್ದರೆ. ಸ್ವಲ್ಪ ದೂರ ಸರಿದರೂ ಸೆಳೆತ ಬೇಗ ಬೇಗ ಕುಗ್ಗುತ್ತದೆ, ಮೈಯ ಆಳದ ಜಾಗಕ್ಕೆ ತಲುಪುವುದು ಕಷ್ಟ. ಹಾಗೆಂದು ಸೆಳೆತ ಹೆಚ್ಚಿಸಿದರೆ ಕ್ಯಾಪ್ಸೂಲೆಲ್ಲ ಒಂದೇ ಕಡೆ ಗಡ್ಡೆಕಟ್ಟಿ ನಾಳವನ್ನೇ ಮುಚ್ಚಿಬಿಡಬಹುದು. ತಪ್ಪಿಸಿಕೊಂಡು ಹೋದವನ್ನು ಕೊನೆಗೆ ಲಿವರು, ಅದರಾಚೆಯ ಗುಲ್ಮ ಎಂಬ ಅಂಗ ಜರಡಿ ಹಿಡಿದು ಇಟ್ಟುಕೊಳ್ಳುತ್ತವೆ.

ನನಗೆ ಬೆಂಗಳೂರು–ಚಿಂತಾಮಣಿ ಬಸ್ಸು ನೆನಪಾಯಿತು. ಬಾಗಿಲ ಹತ್ತಿರ ನೇತಾಡುವವರು ಕೈವಾರ ಕ್ರಾಸಿನಲ್ಲಿ ಇಳಿದುಕೊಳ್ಳುತ್ತಾರೆ. ಮಧ್ಯದಲ್ಲಿ ಸಿಕ್ಕಿಕೊಂಡವರು ಎಷ್ಟು ಕೂಗಿದರೂ ಚಿಂತಾಮಣಿಗೆ ಹೋಗಿಯೇ ಇಳಿಯಬೇಕು. ಯಾನಾಗೆ ಹೇಳಿದೆ. ಅವಳಿಗೆ ಕೈವಾರ ಗೊತ್ತಿಲ್ಲದಿದ್ದರೂ ಬಸ್ಸು ಗೊತ್ತಿತ್ತು, ನಕ್ಕಳು.

ಅಂದು ಸಂಜೆ ಅತ್ತಿಗೆ ವಿಡಿಯೊ ಕಾಲ್ ಮಾಡಿದಳು. ತಲೆಗೆ ಹೂವಿನ ಚಿತ್ತಾರದ ಬಟ್ಟೆ ಸುತ್ತಿದ್ದಳು.

"ಕೇಳ್ದಾ?"

"ಇನ್ನೂ ಇಲ್ಲ ಅತ್ತಿಗೆ. ಈಗಷ್ಟೇ ಬಂದಿದೀನಿ."

"ಕೇಳು ಕಣೇ. ನಾಚ್ಕೋಬ್ಯಾಡ."

ನಾಚಿಕೆಯಲ್ಲ, ಭಯ. ಕೇಳಿದರೆ ಯಾನಾ ಏನು ಹೇಳುತ್ತಾಳೆಂದು ನನಗೆ ಅರ್ಧ ಗೊತ್ತಾಗಿಹೋಗಿತ್ತು. ಹೇಳಿದ ಮೇಲೆ ಅದನ್ನು ಅತ್ತಿಗೆಗೆ ದಾಟಿಸಬೇಕಲ್ಲ.

ಅಣಬೆಯ ಕಾಡು

ಭಾನುವಾರ ವೇರಾ ನನಗೊಂದು ಬುಟ್ಟಿ, ಒಂದು ಚಾಕು ಕೊಟ್ಟು ಕಾಡಿಗೆ ಕರೆದುಕೊಂಡು ಹೋದಳು. ಶರತ್ಕಾಲದಲ್ಲಿ ಇಡೀ ದೇಶವೇ ಅಣಬೆ ಆರಿಸಲು ಕಾಡು ಸೇರುತ್ತದೆ. ಅಲ್ಲಿ ಎದುರಾದವರೆಲ್ಲ ನಮಸ್ಕಾರ ಹೇಳಿ, ತಮ್ಮ ಬುಟ್ಟಿಯ ಮೇಲೆ ಎಲೆ ಸರಿಸಿಕೊಳ್ಳುತ್ತಿದ್ದರು. ಎಲ್ಲಿ ಸಿಕ್ಕಿತೆಂದು ಕೇಳಿದರೆ ಅಲ್ಲೆಲ್ಲೋ ಎಂದು ಎದುರು ದಿಕ್ಕಿಗೆ ಕೈ ತೋರಿಸುತ್ತಾರಂತೆ. ನಮ್ಮೂರಿನ ರೀಲರನ್ನು ಇವತ್ತು ಗೂಡು ಯಾವ ರೇಟಿಗೆ ಹಿಡಿದೆ ಎಂದು ಕೇಳಿದರೆ ಸಿಗುವ ಉತ್ತರವೂ ಅಷ್ಟೇ ನಿಜ.

ನಾನು ಕಂಡ ಅಣಬೆಗಳನ್ನೆಲ್ಲ ಕಿತ್ತು ತಂದೆ. ವೇರಾ ಒಂದೊಂದನ್ನೇ ಎತ್ತಿ ನೋಡಿ, ಬೆರಳನ್ನು ಕತ್ತಿನ ಮೇಲೆ ಅಡ್ಡ ಎಳೆದು ತೋರಿಸಿ ಎಸೆದಳು. ಕೊನೆಗೆ ನನ್ನ ಬುಟ್ಟಿಯಲ್ಲಿ ಉಳಿದದ್ದು ಚಾಕು ಮಾತ್ರ. ಅಷ್ಟರಲ್ಲಿ ಅಣ್ಣನ ಫೋನು ಬಂತು. ಅತ್ತಿಗೆಯ ಡ್ರಿಪ್ಪಿನ ಸರದಿಯ ದಿನ ಬಂದು ಹೋಯಿತಂತೆ, ಆಸ್ಪತ್ರೆಯಿಂದ ಕರೆ ಮಾಡಿದರೆ ಊರಲ್ಲಿಲ್ಲ ಎಂದು ಹೇಳಿಸಿದಳಂತೆ. "ನೀನಾದ್ರೂ ಬೇಗ ಕೇಳ್ಬಿಡಮ್ಮ. ಹೌದೋ ಅಲ್ವೋ ಒಂದ್ ಗೊತ್ತಾಗ್ಲಿ," ಎಂದ. ಅಣ್ಣ ಹೆಚ್ಚು ಮಾತಾಡುವವನಲ್ಲ. ಅವನ ದನಿ ಕೇಳಿ ನನಗೆ ಆ ಮರಗಳ ನಡುವೆ ಬಹಳ ದೂರದಲ್ಲಿದ್ದೇನೆ ಅನ್ನಿಸಿತು. ವೇರಾ ತನ್ನ ಬುಟ್ಟಿಯಿಂದ ಅರ್ಧದಷ್ಟು ಅಣಬೆಗಳನ್ನು ನನ್ನ ಬುಟ್ಟಿಗೆ ಸುರಿದಳು.

ಸೀರೆಯ ದಿನ

ನಾನು ಎಲ್ಲರ ಮುಂದೆ ನನ್ನ ಕೆಲಸದ ಬಗ್ಗೆ ಮಾತಾಡುವ ದಿನ ಬಂತು. ಅಪ್ಪಣೆಯಂತೆ ಕನಕಾಂಬರ ಸೀರೆ ಉಟ್ಟೆ. ಮಾತು ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಯಾನಾ, ನಮ್ಮೂರಿನ ಗೂಡಿನಿಂದಲೇ ಮಾಡಿದ ಕ್ಯಾಪ್ಸೂಲನ್ನು ಮೊದಲ ಸಲ ರಕ್ತದಲ್ಲಿ ಬಿಡೋಣ, ಬಾ ಎಂದಳು. ಬಟ್ಟೆ ಬದಲಿಸುವಷ್ಟು ತಾಳ್ಮೆ ನನಗೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಸೀರೆಯ ಮೇಲೇ ಬಿಳಿ ಕೋಟು ಹಾಕಿಕೊಂಡೆ. ಸೆರಗು ಕೋಟಿನ ಕೆಳಗಿಂದ ಇಣುಕುತ್ತಿತ್ತು.

ಪಂಪ್ ಹಾಕಿದಳು. ನಾನು ಮೇಜಿಗೆ ಒರಗಿ, ಬಗ್ಗಿ ಪರದೆ ನೋಡುತ್ತಿದ್ದೆ. ಎಂದಿನಂತೆ ಕೆಲವು ಕ್ಯಾಪ್ಸೂಲುಗಳು ಅಯಸ್ಕಾಂತದ ಎದುರು ನಿಂತವು. ಆದರೆ ಅದಕ್ಕೂ ಮೊದಲೇ, ಇನ್ನೊಂದು ಜಾಗದಲ್ಲಿ, ಏನೂ ಇಲ್ಲದ ಕಡೆ ಅವು ಗುಂಪಾಗತೊಡಗಿದವು. ಯಾನಾ ಕನ್ನಡಕ ಏರಿಸಿದಳು. ನಾನು ಹಿಂದೆ ಸರಿದೆ, ಗುಂಪು ಕರಗಿತು. ಮತ್ತೆ ಬಗ್ಗಿದೆ, ಮತ್ತೆ ಸೇರಿತು.

"ಇದು ಹಿಂದೆಂದೂ ಆಗಿಲ್ಲ," ಎಂದಳು ಯಾನಾ. "ನಿಮ್ಮ ಊರಿನ ರೇಷ್ಮೆಯಲ್ಲಿ ಏನೋ ಇದೆ."

ಶಿಡ್ಲಘಟ್ಟದ ಹೆಸರು ಲೋಕಪ್ರಸಿದ್ಧವಾಗುವ ಗಳಿಗೆ ಬಂತೆಂದು ನಾನು ಇನ್ನಷ್ಟು ಬಗ್ಗಿದೆ. ಟಕ್ ಎಂದು ಸದ್ದಾಯಿತು. ನನ್ನ ಸೆರಗಿನ ತುದಿ ಹಾರಿ ಹೋಗಿ ಅಯಸ್ಕಾಂತಕ್ಕೆ ಅಂಟಿಕೊಂಡಿತ್ತು. ಗಾಬರಿಯಲ್ಲಿ ಹಿಂದಕ್ಕೆ ಎಳೆದೆ. ಕುಚ್ಚಿಗೆ ಸಿಕ್ಕ ಪಂಪಿನ ಕೊಳವೆ ಕಳಚಿಕೊಂಡು ಮೇಜು, ಕೋಟು, ಸೀರೆ ಎಲ್ಲದರ ಮೇಲೂ ಹಂದಿಯ ರಕ್ತ. ಯಾನಾ ಪಂಪ್ ನಿಲ್ಲಿಸಿ, ಸೆರಗಿನ ತುದಿಯನ್ನು ಎರಡು ಕೈಯಲ್ಲಿ ಹಿಡಿದು ಬಿಡಿಸಿದಳು. "ಇದರೊಳಗೆ ಕಬ್ಬಿಣ ಇದೆ. ಅವು ಗುಂಪು ಸೇರಿದ್ದು ಇದರ ಹತ್ತಿರಕ್ಕೆ," ಎಂದಳು.

ಕತ್ತರಿಯಿಂದ ಮಡಿಕೆ ಬಿಚ್ಚಿದೆ. ಅರಿಶಿನ ಹತ್ತಿದ ಬಟ್ಟೆಯ ಚೂರು, ಅದರ ಮೇಲೆ ಸುತ್ತಿದ ಕರಿದಾರ. ಬಿಚ್ಚಿದರೆ ತಲೆ ಚಪ್ಪಟೆಯಾದ, ಸ್ವಲ್ಪ ಬಾಗಿದ ಲಾಳದ ಮೊಳೆ. ಅಪ್ಪ ಒಗೆಯಲು ಹೇಳಿದ್ದ ಅದೇ ಮೊಳೆ. ಎರಡು ವಿಮಾನ ನಿಲ್ದಾಣಗಳಲ್ಲಿ ಕೂಗಿ ಕೂಗಿ ಹೇಳಿದರೂ ನನಗೆ ತಿಳಿದಿರಲಿಲ್ಲ.

ನಗು ಬಂತು, ಹಿಂದೆಯೇ ಅಳುವೂ ಬಂತು. ಆ ಮೊಳೆ ಈಗ ಯಾರ ದಿಂಬಿನ ಕೆಳಗಾದರೂ ಇರಬೇಕಿದ್ದರೆ ಅದು ಅವಳದೇ ದಿಂಬು. ಯಾನಾ ಒಂದು ಸ್ಟೂಲ್ ಎಳೆದು ನನ್ನನ್ನು ಕೂರಿಸಿದಳು. ಮೊಳೆ ಏನು, ಯಾಕೆ, ಯಾರದು ಎಂದು ಹೇಳುತ್ತ ಹೇಳುತ್ತ ಅಷ್ಟು ದಿನ ತಲೆಯೊಳಗೇ ಉಳಿದಿದ್ದ ಪ್ರಶ್ನೆಯೂ ಹೊರಬಂತು. ಅತ್ತಿಗೆಗೆ ಇದು ಆಗುತ್ತದೆಯೇ?

ಯಾನಾ ಸೀರೆಯ ಕಲೆಯನ್ನು ತಣ್ಣೀರಿನಲ್ಲಿ ಒರೆಸುತ್ತ ಕೇಳಿದಳು, "ಗಡ್ಡೆ ತೆಗೆದಾಗಿದೆ ಅಲ್ಲವೇ?"

"ಆಗಿದೆ."

"ಹಾಗಾದರೆ ಎರಡು ಮಾತು. ಒಂದು, ಇದು ಇನ್ನೂ ಮನುಷ್ಯರಿಗೆ ಕೊಡುವ ಔಷಧವಲ್ಲ. ನಾವು ಕೊಳವೆಯಲ್ಲೇ ಸೋಲುತ್ತಿದ್ದೇವೆ, ನೀನೇ ನೋಡಿದೆ. ಇನ್ನೊಂದು, ಇವತ್ತೇ ಸಿದ್ಧವಾದರೂ ಅವಳಿಗೆ ಇದು ಬೇಡ. ಅಯಸ್ಕಾಂತವನ್ನು ಎಲ್ಲಿ ಹಿಡಿಯುತ್ತೀಯ? ನಾನು ಕ್ಯಾನ್ಸರ್ ವೈದ್ಯೆ ಅಲ್ಲ, ಆದರೆ ಆಪರೇಷನ್ ಆದ ಮೇಲೆ ಕೊಡುವ ಔಷಧದ ಕೆಲಸವೇ ಬೇರೆ. ತಪ್ಪಿಸಿಕೊಂಡ ಕ್ಯಾನ್ಸರಿನ ಕಣ ಮೈಯಲ್ಲಿ ಎಲ್ಲಿ ಅಡಗಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಆ ಔಷಧ ಎಲ್ಲ ಕಡೆಗೂ ಹೋಗಬೇಕು. ವಿಳಾಸ ಗೊತ್ತಿದ್ದಾಗ ನಮ್ಮ ಕ್ಯಾಪ್ಸೂಲು. ಗೊತ್ತಿಲ್ಲದಿದ್ದಾಗ ಅವಳ ಡ್ರಿಪ್ಪು. ಕಾಯಬಾರದು ಎಂದು ಹೇಳು."

ಆಮೇಲೆ ಮೊಳೆಯನ್ನು ಬೆಳಕಿಗೆ ಹಿಡಿದು, ರಕ್ತನಾಳದ ಪಕ್ಕ ಇಂಥ ಸಣ್ಣ ಕಬ್ಬಿಣದ ತಂತಿ ಇಟ್ಟರೆ ಅದರ ತುದಿಯಲ್ಲಿ ಸೆಳೆತ ಹೆಚ್ಚಾಗಿ ಕ್ಯಾಪ್ಸೂಲು ನಿಲ್ಲುತ್ತದೆಯೋ ಎಂದು ಕೆಲವರು ಹುಡುಕುತ್ತಿದ್ದಾರೆ ಎಂದಳು. ತನ್ನ ಹೊಸ ಶೋಧ ಕೈತಪ್ಪಿದ ಬೇಸರ ಅವಳ ಮುಖದಲ್ಲಿ ಸ್ವಲ್ಪ ಇದ್ದೇ ಇತ್ತು.

ಟ್ರಾಮ್ ನಿಲ್ದಾಣ

ಮನೆ ಮುಟ್ಟುವವರೆಗೆ ಕಾದರೆ ಮತ್ತೆ ಧೈರ್ಯ ಸಾಯುತ್ತದೆಂದು ಟ್ರಾಮ್ ನಿಲ್ದಾಣದಲ್ಲೇ ಫೋನ್ ಮಾಡಿದೆ.

"ಅತ್ತಿಗೆ, ಕೇಳ್ದೆ."

"ಏನಂದ್ರು?"

"ಇನ್ನೂ ಗಾಜಿನ ಕೊಳವೇಲೇ ಓಡಿಸ್ತಾ ಇದಾರೆ. ಜನಕ್ಕೆ ಯಾವಾಗ ಬರ್ತದೋ ಅವ್ರಿಗೇ ಗೊತ್ತಿಲ್ಲ. ಬಂದ್ರೂ ನಿಂಗೆ ಅದಲ್ಲ. ನೀನು ಕಾಯ್ಬೇಡ, ನಾಳೆನೇ ಆಸ್ಪತ್ರೆಗೆ ಹೋಗು."

ಅತ್ತ ಕಡೆ ಪಾತ್ರೆಯ ಸದ್ದು ನಿಂತಿತು. "ಸರಿ ಬಿಡು," ಎಂದಳು. ಮೊಳೆಯ ಮಾತು ಎತ್ತುವುದರೊಳಗೆ ಫೋನ್ ಇಟ್ಟಳು. ಆಮೇಲೆ ನಾನು ಅಲ್ಲಿದ್ದ ದಿನಗಳಲ್ಲಿ ಅವಳು ನನ್ನ ಫೋನ್ ಎತ್ತಲಿಲ್ಲ. ಅಣ್ಣನನ್ನು ಕೇಳಿದರೆ, "ಆಸ್ಪತ್ರೆಗೂ ಬರಲ್ಲ, ಮಾತೂ ಆಡಲ್ಲ. ಗೋಡೆ ನೋಡ್ಕಂಡ್ ಕೂತವಳೆ," ಎನ್ನುತ್ತಿದ್ದ.

ಟ್ರಾಮಿನಲ್ಲಿ ನಾನು ಹತ್ತಿದರೆ ಎಳೆಯರು ಎದ್ದು ಸೀಟು ಬಿಡುತ್ತಿದ್ದರು. ಮೊದಮೊದಲು ಅವಮಾನವೆನ್ನಿಸುತ್ತಿತ್ತು, ಆ ವಾರ ಕೂತುಬಿಟ್ಟೆ. ವೇರಾ ಸೀರೆಯ ಕಲೆಗೆ ಉಪ್ಪು ಹಚ್ಚಿ ನೆನೆಸಿಟ್ಟಳು, ಕಲೆ ತೆಳುವಾಯಿತೇ ಹೊರತು ಹೋಗಲಿಲ್ಲ. ಮೊಳೆ ತೋರಿಸಿದೆ. ಅವಳಿಗೆ ಫೋನಿನ ಅನುವಾದ ಬೇಕಾಗಲಿಲ್ಲ. ತಲೆಯೆತ್ತಿ ಬಾಗಿಲ ಮೇಲಿನ ಲಾಳ ನೋಡಿದಳು, ಮೊಳೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಹೊರಡುವ ದಿನ ಅದನ್ನು ದೊಡ್ಡ ಪೆಟ್ಟಿಗೆಯೊಳಗೆ ಹಾಕಿದೆ, ನಾನು ಚೂಡಿದಾರ ಹಾಕಿಕೊಂಡೆ. ಯಾವ ಚೌಕಟ್ಟೂ ಕೂಗಲಿಲ್ಲ.

ಶಿಡ್ಲಘಟ್ಟ

ಅತ್ತಿಗೆ ಜಗಲಿಯ ಮೇಲೆ ಕೂತಿದ್ದಳು. ಮಡಿಲಲ್ಲಿ ಯಾರದೋ ಸೀರೆ, ಕುಚ್ಚು ಕಟ್ಟದೆ ಹಾಗೇ ಇತ್ತು. "ಬಂದ್ಯಾ," ಎಂದಳು, ಅಷ್ಟೇ. ನಾನು ಕನಕಾಂಬರ ಸೀರೆ ತೆಗೆದು ಅವಳ ಮುಂದಿಟ್ಟೆ, ಅದರ ಮೇಲೆ ಮೊಳೆ ಇಟ್ಟೆ.

ಮೊಳೆಯನ್ನು ನೋಡಿಯೂ ನೋಡದವಳಂತೆ ಕಲೆಯ ಮೇಲೆ ಕೈಯಾಡಿಸಿದಳು. "ಇದೇನೇ ಇದು?"

"ಹಂದಿ ರಕ್ತ."

"ಥೂ. ಏನಮ್ಮ ನೀನು, ಓದೋಕ್ ಹೋಗಿದ್ದಾ, ಇಲ್ಲ ಹಂದಿ ಕುಯ್ಯಕ್ಕಾ?" ಎಂದವಳು ನಗು ತಡೆಯಲು ನೋಡಿ ಸೋತಳು. ಬಾಗಿಲಲ್ಲಿ ನಿಂತಿದ್ದ ಅಣ್ಣ, ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ ಏನೋ, ಹಾಗೇ ಒಳಗೆ ಹೋಗಿ ಕಾಫಿಗಿಟ್ಟ.

"ಯಾಕೆ ಇದನ್ನ ನಂಗ್ ಕೊಟ್ಟೆ ಅತ್ತಿಗೆ? ನಿಂಗಲ್ವಾ ಬೇಕಾಗಿದ್ದಿದ್ದು?"

"ನಾನ್ ಮನೇಲಿರೋಳು. ನೀನ್ ಸಮುದ್ರ ದಾಟೋಳು." ಅದರಲ್ಲಿ ಕೇಳುವುದೇನಿದೆ ಎಂಬಂತೆ ಹೇಳಿದಳು.

ಆಮೇಲೆ ನಾನು ಕೊಳವೆ, ಕ್ಯಾಪ್ಸೂಲು, ಕೈವಾರ ಕ್ರಾಸಿನ ಬಸ್ಸು ಎಲ್ಲವನ್ನೂ ಹೇಳಿದೆ. ಬಸ್ಸಿನ ಕತೆ ಅವಳಿಗೆ ಸರಾಗವಾಗಿ ಅರ್ಥವಾಯಿತು.

"ಆಯ್ತು, ಅದು ನಿಲ್ಲಲ್ಲ. ನಂಗ್ಯಾಕೆ ಬ್ಯಾಡ ಅಂದ್ರು ಅದ್ ಹೇಳು."

"ಗಡ್ಡೆ ಇದ್ದಾಗ ಅದಕ್ಕೊಂದು ವಿಳಾಸ ಇತ್ತು. ಡಾಕ್ಟ್ರು ಅದನ್ನ ತೆಗ್ದಾಯ್ತು. ಈಗ ಚೂರುಪಾರು ಉಳ್ದಿದ್ರೆ ಎಲ್ಲಿ ಅವಿತ್ಕಂಡದೋ ಯಾರಿಗ್ ಗೊತ್ತು? ಅದಕ್ಕೆ ನಿನ್ನ ಡ್ರಿಪ್ಪು ಮೈಯಲ್ಲಿರೋ ಎಲ್ಲಾ ಮನೆ ಬಾಗ್ಲೂ ತಟ್ಟಿ ನೋಡ್ಬೇಕು."

ಅತ್ತಿಗೆ ತಲೆಯ ಬಟ್ಟೆಯನ್ನು ಸರಿಮಾಡಿಕೊಂಡಳು.

"ಅದಕ್ಕೇನಾ ಕೂದ್ಲು ಹೋಗಿದ್ದು? ನಾಲ್ಗೆ ಕೆಟ್ಟಿದ್ದು? ಅಲ್ಲೂ ಬಾಗ್ಲು ತಟ್ತದೆ ಅಂತ?"

"ಹೂಂ."

"ನಾನು ಔಷ್ದಿ ದಾರಿ ತಪ್ಪೋಗ್ತಾ ಅದೆ ಅನ್ಕಂಡಿದ್ನಲ್ಲೇ. ಜಾಗಕ್ಕೆ ಹೋಗೋದ್ ಬಿಟ್ಟು ತಲೆಗೆ, ಬಾಯಿಗೆ, ಬೆರಳಿಗೆ ನುಗ್ತದೆ, ಇಷ್ಟ್ ಕಷ್ಟ ಬಿದ್ದಿದ್ದೂ ದಂಡ ಅಂತ." ಕಣ್ಣು ಒರೆಸಿಕೊಂಡಳು. "ಅದು ಅದ್ರ ಕೆಲ್ಸಾನೇ ಮಾಡ್ತಾ ಇತ್ತಾ?"

"ಅದರ ಕೆಲಸಾನೇ ಮಾಡ್ತಾ ಇತ್ತು ಅತ್ತಿಗೆ."

ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಆಸ್ಪತ್ರೆಗೆಂದೇ ಎತ್ತಿಟ್ಟ ಹಳೆಯ ನೂಲಿನ ಸೀರೆ ಇತ್ತು, ಸೂಜಿದಾರ ಇತ್ತು. ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ ಕೂತು, "ಆ ಮೊಳೆ ಕೊಡಿಲ್ಲಿ," ಎಂದಳು. ನಾನು ಕೊಟ್ಟೆ. ಸೂಜಿಗೆ ದಾರ ಪೋಣಿಸಲು ನೋಡಿದಳು. ಜೋಮು ಹಿಡಿದ ಬೆರಳಿಗೆ ಸೂಜಿ ಸಿಕ್ಕಲಿಲ್ಲ, ಜಾರಿ ಬಿತ್ತು. ಮತ್ತೆ ನೋಡಿದಳು, ಮತ್ತೆ ಬಿತ್ತು.

ನಾನು ಕನಕಾಂಬರ ಸೀರೆಯ ಬಿಚ್ಚಿದ ಮಡಿಕೆಯನ್ನು ಎತ್ತಿ ನೋಡಿದೆ. ಪ್ರಯೋಗಶಾಲೆಯಲ್ಲಿ ಗಮನಿಸಿರಲಿಲ್ಲ. ಕಣ್ಣಿಗೇ ಕಾಣದಂತೆ ಹೊಲಿಗೆ ಹಾಕುವ ಅತ್ತಿಗೆಯ ಕೈಯ ಹೊಲಿಗೆ ಅದಾಗಿರಲಿಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದು ಓರೆ, ಅಲ್ಲಲ್ಲಿ ಸೂಜಿ ಚುಚ್ಚಿಕೊಂಡ ಕಂದು ಚುಕ್ಕೆ. ಈ ಬೆರಳುಗಳಲ್ಲೇ ಅವಳು ಅದನ್ನು ನನಗಾಗಿ ಹೊಲಿದಿದ್ದಳು.

"ಕೊಡು ಇಲ್ಲಿ," ಎಂದು ಸೂಜಿ ತೆಗೆದುಕೊಂಡೆ. ಭೌತಶಾಸ್ತ್ರದ ಮೇಡಂ, ಅಪ್ಪನ ಮಗಳು, ಗೋಡೆಗೆ ಬೆನ್ನು ಹಾಕಿ ಕೂತು ಅರಿಶಿನದ ಬಟ್ಟೆಯಲ್ಲಿ ಮೊಳೆ ಸುತ್ತಿ, ಕರಿದಾರ ಕಟ್ಟಿ, ನೂಲಿನ ಸೀರೆಯ ಸೆರಗಿನಲ್ಲಿಟ್ಟು ಹೊಲಿಯತೊಡಗಿದೆ. ಪಟದಲ್ಲಿ ಬುದ್ಧ ಎಂದಿನಂತೆ ಕಣ್ಣು ಅರ್ಧ ಮುಚ್ಚಿಕೊಂಡಿದ್ದ.

"ನೋಡು," ಎಂದೆ, "ಅಲ್ಲಿ ಸ್ಕ್ಯಾನಿಂಗ್ ರೂಮಿಗೆ ಏನಾದ್ರೂ ಕರ್ಕಂಡೋದ್ರೆ ಈ ಸೀರೆ ಬಿಚ್ಚಿ ಆಚೆ ಕೊಟ್ಟು ಹೋಗ್ಬೇಕು. ಅಲ್ಲಿರೋ ಮ್ಯಾಗ್ನೆಟ್ಟು ಬ್ರ್ನೋದಕ್ಕಿಂತ ದೊಡ್ಡದು."

"ಯಾರ ಕೈಗೆ ಕೊಡ್ಲಿ?"

"ನನ್ ಕೈಗೆ."

ಅತ್ತಿಗೆ ಅಡುಗೆಮನೆಯ ಕಡೆ ತಿರುಗಿ ದನಿಯೆತ್ತಿದಳು. "ರೀ, ನಾಳೆ ಬೆಳಗ್ಗೆಗೆ ಕಾರು ಹೇಳ್ಬಿಡಿ. ಸುಜಾತನೂ ಬರ್ತಾಳೆ."

ನಾನು ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದೆ.